ಗಡಿಯಾಚೆಯ ಬಾಣಂತಿಯರು ಮತ್ತು ಡಾಕ್ಟರ್ ಫ್ಯಾನನ್

ಫ್ರಾಂಟ್ಜ್ ಫ್ಯಾನನ್ ಹೆಸರು ಕೇಳಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಹಿಂಸೆ. ವಸಾಹತುಶಾಹಿಯ ಹಿಂಸೆ, ಅದಕ್ಕೆ ಎದುರಾಗಿ ಎದ್ದವರ ಹಿಂಸೆ. ಅವನ ಕೊನೆಯ ಪುಸ್ತಕ ದ ರೆಚೆಡ್ ಆಫ್ ದಿ ಅರ್ಥ್‌ನ ಮೊದಲ ಅಧ್ಯಾಯದ ಮೇಲೆ ನಮ್ಮ ಸ್ಟಡಿ ಸರ್ಕಲ್‌ಗಳಲ್ಲಿ ಎಷ್ಟೋ ಸಂಜೆಗಳು ಕಳೆದಿವೆ. ಎಷ್ಟೋ ಜನ ಅದನ್ನೂ ಓದಿರಲ್ಲ, ಸಾರ್ತ್ರ್ ಬರೆದ ಮುನ್ನುಡಿ ಓದಿ ಫ್ಯಾನನ್ ಗೊತ್ತು ಅಂದುಕೊಂಡಿರ್ತಾರೆ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ನಾವು ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದ ಜೆರಾಕ್ಸ್ ಪ್ರತಿಯಲ್ಲಂತೂ ಕೊನೆಯ ಪುಟಗಳೇ ಇರಲಿಲ್ಲ.

ಆ ಕೊನೆಯ ಪುಟಗಳಲ್ಲಿ ಇರೋದು ಐದನೇ ಅಧ್ಯಾಯ. ಅದರಲ್ಲಿ ಘೋಷಣೆಗಳಿಗಿಂತ ಹೆಚ್ಚಾಗಿ ಕೇಸ್ ಶೀಟುಗಳಿವೆ. ರೋಗಿಯ ವಯಸ್ಸು, ಏನಾಯಿತು, ನಿದ್ದೆ ಹೇಗಿದೆ, ಊಟ ಸೇರ್ತಿದೆಯಾ, ಯಾವ ಔಷಧ ಕೊಟ್ಟೆವು. ಅದರ ನಡುವೆ ಎರಡೇ ಪುಟಗಳಷ್ಟು ಒಂದು ಭಾಗ ಇದೆ: ಅಲ್ಜೀರಿಯಾದಿಂದ ಓಡಿಬಂದು ಟ್ಯುನೀಷಿಯಾ ಮತ್ತು ಮೊರಾಕ್ಕೊ ಗಡಿಗಳಲ್ಲಿ ಬಿಡಾರ ಹೂಡಿದ್ದ ನಿರಾಶ್ರಿತ ಹೆಂಗಸರ ಬಗ್ಗೆ. ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಅನ್ನುತ್ತಿದ್ದರಲ್ಲ, ಅದರ ಬಗ್ಗೆ. ಮನೋವೈದ್ಯ ಫ್ಯಾನನ್ ಯಾರು ಅಂತ ತಿಳಿಯೋಕೆ ಈ ಎರಡು ಪುಟಗಳಿಂದ ಶುರು ಮಾಡೋದು ಒಳ್ಳೆಯದು ಅಂತ ನನಗನಿಸುತ್ತೆ. ಅಲ್ಲಿಗೆ ಅವನು ಬಂದ ದಾರಿ ಮಾತ್ರ ಸುತ್ತುಬಳಸಿನದು.

ಹುಟ್ಟಿದ್ದು 1925ರ ಜುಲೈ 20ರಂದು, ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ. ಅದು ಫ್ರಾನ್ಸಿನ ವಸಾಹತು. ಮಧ್ಯಮ ವರ್ಗದ ಕಪ್ಪು ಕುಟುಂಬ. ಓದಿದ ಶಾಲೆಯಲ್ಲಿ ಕವಿ ಎಮೆ ಸೆಝೇರ್ ಮೇಷ್ಟ್ರು. ಎರಡನೇ ಮಹಾಯುದ್ಧದ ಹೊತ್ತಿಗೆ, ಇನ್ನೂ ಹದಿಹರೆಯದಲ್ಲೇ ಮನೆ ಬಿಟ್ಟು ದ ಗಾಲ್ ಸೇನೆ ಸೇರಿದ. ನಾಜಿಗಳ ವಿರುದ್ಧ ಹೋರಾಡಿ, 1944ರಲ್ಲಿ ಗಾಯಗೊಂಡು, ಪದಕವನ್ನೂ ಪಡೆದ. ಯಾವ ಸ್ವಾತಂತ್ರ್ಯಕ್ಕಾಗಿ ರಕ್ತ ಸುರಿಸಿದೆನೋ ಆ ಸೇನೆಯೊಳಗೇ ತನ್ನನ್ನು ಮನುಷ್ಯನ ಲೆಕ್ಕಕ್ಕೆ ಹಿಡಿಯೋದಿಲ್ಲ ಅನ್ನೋದು ಅವನಿಗೆ ಗೊತ್ತಾಗಿದ್ದು ಅಲ್ಲೇ.

ಯುದ್ಧದ ನಂತರ ಲಿಯೋನ್ ನಗರದಲ್ಲಿ ವೈದ್ಯಕೀಯ ಓದಿದ. ಪದವಿಯ ಪ್ರಬಂಧಕ್ಕೆಂದು ವರ್ಣಭೇದ ಮನಸ್ಸಿಗೆ ಏನು ಮಾಡುತ್ತೆ ಅಂತ ಬರೆದಿದ್ದನ್ನು ಪ್ರಾಧ್ಯಾಪಕರು ಒಪ್ಪಲಿಲ್ಲ. ನರರೋಗವೊಂದರ ಮೇಲೆ ಬೇರೆ ಪ್ರಬಂಧ ಬರೆದುಕೊಟ್ಟು 1951ರಲ್ಲಿ ಡಾಕ್ಟರ್ ಆದ. ತಿರಸ್ಕೃತ ಬರಹ ಮರುವರ್ಷ ಬ್ಲ್ಯಾಕ್ ಸ್ಕಿನ್, ವೈಟ್ ಮಾಸ್ಕ್ಸ್ ಪುಸ್ತಕವಾಗಿ ಬಂತು. ಇಷ್ಟು ಎಲ್ಲರಿಗೂ ಗೊತ್ತಿರೋ ಕಥೆ.

ಅಷ್ಟಾಗಿ ಗೊತ್ತಿಲ್ಲದ್ದು ಅದೇ 1952ರಲ್ಲಿ ಒಂದು ಪತ್ರಿಕೆಗೆ ಬರೆದ ಚಿಕ್ಕ ಲೇಖನ. ಲಿಯೋನಿನ ಆಸ್ಪತ್ರೆಗಳಿಗೆ ಉತ್ತರ ಆಫ್ರಿಕಾದ ವಲಸೆ ಕಾರ್ಮಿಕರು ಬರುತ್ತಿದ್ದರು. ಎಲ್ಲಿ ನೋವು ಅಂತ ಕೇಳಿದರೆ ಮೈಯೆಲ್ಲಾ ನೋವು ಅನ್ನೋರು. ಪರೀಕ್ಷೆಯಲ್ಲಿ ಏನೂ ಸಿಗುತ್ತಿರಲಿಲ್ಲ. ಡಾಕ್ಟರುಗಳು ಇವರೆಲ್ಲ ಸೋಮಾರಿಗಳು, ನಾಟಕ ಮಾಡ್ತಾರೆ ಅಂತ ತೀರ್ಮಾನಿಸಿ, ಆ ತೀರ್ಮಾನಕ್ಕೇ ರೋಗದ ಹೆಸರೊಂದನ್ನು ಅಂಟಿಸಿದ್ದರು. ಫ್ಯಾನನ್ ಕೇಳಿದ್ದು ಬಹಳ ಸರಳ: ಮನೆ, ಹೆಂಡತಿ, ಮಕ್ಕಳು, ಭಾಷೆ, ಗೌರವ ಎಲ್ಲದರಿಂದ ಕಿತ್ತು ತಂದ ಮನುಷ್ಯನಿಗೆ ನೋವು ಮೈಯ ಯಾವುದೋ ಒಂದು ಜಾಗದಲ್ಲಷ್ಟೇ ಇರಬೇಕು ಅಂತ ನೀವು ಯಾಕೆ ನಿರೀಕ್ಷಿಸ್ತೀರಿ? ನೆಲೆ ತಪ್ಪಿದವರ ಮಾನಸಿಕ ಆರೋಗ್ಯದ ಬಗ್ಗೆ ಅವನ ಯೋಚನೆ ಶುರುವಾಗೋದು ಇಲ್ಲಿಂದ.

ಅವನಿಗೆ ಮನೋವೈದ್ಯಕೀಯ ನಿಜವಾಗಿ ಕಲಿಸಿದ ಗುರು ಕೂಡ ಒಬ್ಬ ನಿರಾಶ್ರಿತನೇ. ಫ್ರಾಂಸ್ವಾ ತೊಸ್ಕೆಲ್ಸ್, ಕ್ಯಾಟಲೋನಿಯಾದವನು. ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪಕ್ಷದಲ್ಲಿದ್ದವನು. ಫ್ರಾಂಕೊ ಗೆದ್ದ ಮೇಲೆ 1939ರಲ್ಲಿ ಪಿರನೀಸ್ ಬೆಟ್ಟ ದಾಟಿ ಫ್ರಾನ್ಸಿಗೆ ಓಡಿಬಂದು ಸೆಪ್‌ಫೋಂ ಅನ್ನೋ ನಿರಾಶ್ರಿತರ ಶಿಬಿರದಲ್ಲಿ ಬಿದ್ದ. ಕೆಸರು, ಮುಳ್ಳುತಂತಿ, ಆತ್ಮಹತ್ಯೆಗಳು. ಅಲ್ಲೇ ಒಂದು ಮನೋವೈದ್ಯಕೀಯ ಘಟಕ ಶುರು ಮಾಡಿದ. ಆಮೇಲೆ ಸೇಂಟ್ ಆಲ್ಬನ್ ಅನ್ನೋ ಹಳ್ಳಿಗಾಡಿನ ಮಾನಸಿಕ ಆಸ್ಪತ್ರೆಗೆ ಬಂದ. ಮಹಾಯುದ್ಧದ ವರ್ಷಗಳಲ್ಲಿ ಫ್ರಾನ್ಸಿನ ಮಾನಸಿಕ ಆಸ್ಪತ್ರೆಗಳಲ್ಲಿ 40,000ಕ್ಕೂ ಹೆಚ್ಚು ರೋಗಿಗಳು ಹಸಿವು ಮತ್ತು ಅದು ತಂದ ಕಾಯಿಲೆಗಳಿಂದ ಸತ್ತರು. ಸೇಂಟ್ ಆಲ್ಬನ್‌ನಲ್ಲಿ ರೋಗಿಗಳು ಗೇಟು ದಾಟಿ ಸುತ್ತಲಿನ ರೈತರ ಹೊಲಗಳಲ್ಲಿ ದುಡಿದು, ಊಟ ತಂದುಕೊಂಡು ಬದುಕಿದರು. ಆಸ್ಪತ್ರೆಯೇ ಕಾಯಿಲೆ ಬಿದ್ದಿರುತ್ತೆ, ಮೊದಲು ಅದನ್ನು ವಾಸಿ ಮಾಡಬೇಕು ಅನ್ನೋದು ತೊಸ್ಕೆಲ್ಸ್ ಪಾಠ. 1952ರಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಫ್ಯಾನನ್ ಅವನ ಕೈಕೆಳಗೆ ಕೆಲಸ ಮಾಡಿದ.

1953ರ ನವೆಂಬರಿನಲ್ಲಿ ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆಗೆ ವಿಭಾಗದ ಮುಖ್ಯಸ್ಥನಾಗಿ ಹೋದ. ಅವನ ಸುಪರ್ದಿಗೆ ಬಂದದ್ದು 165 ಯುರೋಪಿಯನ್ ಹೆಂಗಸರು, 220 ಮುಸ್ಲಿಂ ಗಂಡಸರು. ಆಗ ಅಲ್ಲಿನ ಮನೋವೈದ್ಯಕೀಯವನ್ನು ಆಳುತ್ತಿದ್ದದ್ದು ಆಂತ್ವಾನ್ ಪೊರೊ ಕಟ್ಟಿದ ಅಲ್ಜಿಯರ್ಸ್ ಪಂಥ. ಉತ್ತರ ಆಫ್ರಿಕಾದವನ ಮಿದುಳಿನ ರಚನೆಯೇ ಕೆಳಮಟ್ಟದ್ದು, ಆದ್ದರಿಂದ ಅವನು ಹುಟ್ಟು ಕ್ರೂರಿ ಅಂತ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಹೇಳಲಾಗುತ್ತಿತ್ತು. ಇದು ಯಾವುದೋ ಬೀದಿ ಮಾತಲ್ಲ, ವಿಶ್ವವಿದ್ಯಾಲಯದ ಪಾಠ.

ಫ್ಯಾನನ್ ಸೇಂಟ್ ಆಲ್ಬನ್‌ನಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ತಂದ. ಸಭೆ, ಪತ್ರಿಕೆ, ಹಬ್ಬ, ಕಸೂತಿ. ಯುರೋಪಿಯನ್ ಹೆಂಗಸರ ವಾರ್ಡಿನಲ್ಲಿ ಒಂದೇ ತಿಂಗಳಲ್ಲಿ ಗಾಳಿ ಬದಲಾಯಿತು. ಮುಸ್ಲಿಂ ಗಂಡಸರ ವಾರ್ಡಿನಲ್ಲಿ ಯಾರೂ ಅಲುಗಾಡಲಿಲ್ಲ. ಯಾಕೆ ಅಂತ ಅವನೂ ಸಹೋದ್ಯೋಗಿ ಜಾಕ್ ಅಝುಲೆಯೂ ಕೂತು ಯೋಚಿಸಿ, 1954ರಲ್ಲಿ ತಮ್ಮ ಸೋಲನ್ನೇ ಸಂಶೋಧನಾ ಪ್ರಬಂಧವಾಗಿ ಬರೆದರು. ಹೊಲ ಬಿಟ್ಟು ಬಂದ ರೈತನಿಗೆ ಕಸೂತಿ ಕೊಟ್ಟರೆ ಅವನೇನು ಮಾಡ್ತಾನೆ? ಅವನ ಭಾಷೆ ಬರದ ಡಾಕ್ಟರು, ಅವನದಲ್ಲದ ಹಬ್ಬ. ಆಮೇಲೆ ವಾರ್ಡಿನಲ್ಲಿ ಅರಬ್ ಶೈಲಿಯ ಕಾಫಿ ಅಂಗಡಿ ಬಂತು, ಕಥೆ ಹೇಳೋರು ಬಂದರು, ಮುಸ್ಲಿಂ ಹಬ್ಬಗಳು ಬಂದವು, ಫುಟ್ಬಾಲ್ ಮೈದಾನ ಆಯಿತು.

ಇನ್ನೊಂದು ಪ್ರಯೋಗ ನನಗೆ ಇನ್ನೂ ಇಷ್ಟ. 1956ರದ್ದು, ಶಾರ್ಲ್ ಜೆರೊನಿಮಿ ಜೊತೆಗೂಡಿ ಮಾಡಿದ್ದು. ಚಿತ್ರಗಳನ್ನು ತೋರಿಸಿ ಕಥೆ ಹೇಳಿ ಅನ್ನೋ ಮನಃಶಾಸ್ತ್ರದ ಒಂದು ಪರೀಕ್ಷೆ ಇದೆ, ಟಿಎಟಿ ಅಂತ. ಅಮೆರಿಕದಲ್ಲಿ ಹುಟ್ಟಿದ್ದು. ಅದನ್ನು ಮುಸ್ಲಿಂ ಮಹಿಳಾ ರೋಗಿಗಳಿಗೆ ಕೊಟ್ಟರೆ ಕಥೆಯೇ ಬರಲಿಲ್ಲ. ಇದೊಂದು ವಸ್ತು, ಇದೊಂದು ಆಕಾರ ಅಂತ ತಡವರಿಸಿ ಸುಮ್ಮನಾದರು. ಪೊರೊ ಪಂಥದವರಾಗಿದ್ದರೆ ಇವರಿಗೆ ಕಲ್ಪನಾಶಕ್ತಿಯೇ ಇಲ್ಲ ಅಂತ ಬರೆದು ಫೈಲು ಮುಚ್ಚುತ್ತಿದ್ದರು. ಇವರಿಬ್ಬರು ತಲುಪಿದ ತೀರ್ಮಾನ: ಆ ಚಿತ್ರಗಳಲ್ಲಿರೋ ಲೋಕ ಆ ಹೆಂಗಸರದ್ದಲ್ಲ, ಕೆಟ್ಟಿರೋದು ಅಳತೆಗೋಲು. ಇವತ್ತು ಒಂದು ದೇಶದಲ್ಲಿ ತಯಾರಾದ ಪ್ರಶ್ನಾವಳಿಯನ್ನು ಅನುವಾದಿಸಿ, ಇನ್ನೊಂದು ದೇಶದ ನಿರಾಶ್ರಿತ ಶಿಬಿರಕ್ಕೆ ಹೋಗಿ ಟಿಕ್ ಹಾಕಿಸಿಕೊಂಡು ಬರೋ ಸಂಶೋಧಕರು ಗೋಡೆಗೆ ಅಂಟಿಸಿಕೊಳ್ಳಬೇಕಾದ ಪ್ರಬಂಧ ಅದು.

ಅಷ್ಟರಲ್ಲಿ 1954ರ ನವೆಂಬರ್ 1ರಂದು ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧ ಶುರುವಾಗಿತ್ತು. ಹಗಲು ಫ್ಯಾನನ್ ಸರ್ಕಾರಿ ಡಾಕ್ಟರು. ಜೊತೆಜೊತೆಗೇ ಬಂಡುಕೋರ ಸಂಘಟನೆ ಎಫ್ಎಲ್ಎನ್ ಗಾಯಾಳುಗಳಿಗೆ ಗುಟ್ಟಾಗಿ ನೆರವು. ಅವನ ಹತ್ತಿರ ಚಿತ್ರಹಿಂಸೆ ಉಂಡವರೂ ಬರುತ್ತಿದ್ದರು, ಕೊಟ್ಟವರೂ ಬರುತ್ತಿದ್ದರು. ಅವನು ದಾಖಲಿಸಿದ ಒಂದು ಘಟನೆ ಹೇಳಲೇಬೇಕು. ಲಾಕಪ್ಪಿನಲ್ಲಿ ಕೈದಿಗಳನ್ನು ಹಿಂಸಿಸುತ್ತಿದ್ದ ಯುರೋಪಿಯನ್ ಪೊಲೀಸನೊಬ್ಬನಿಗೆ ರಾತ್ರಿಯೆಲ್ಲ ಕಿರುಚಾಟ ಕೇಳಿಸುತ್ತಿತ್ತು. ಫ್ಯಾನನ್ ಚಿಕಿತ್ಸೆ ಕೊಡುತ್ತಿದ್ದ. ಒಂದು ದಿನ ಅವನು ಆಸ್ಪತ್ರೆಯ ಅಂಗಳದಲ್ಲಿ ನಡೆದಾಡುವಾಗ, ತಾನೇ ಹಿಂಸಿಸಿದ್ದ ಅಲ್ಜೀರಿಯನ್ ರೋಗಿ ಎದುರಾದ. ಪೊಲೀಸ್ ನಡುಗುತ್ತಾ ಮರಕ್ಕೊರಗಿ ನಿಂತ. ಆ ರೋಗಿ ಎಲ್ಲಿ ಅಂತ ಹುಡುಕಿದರೆ ಕಕ್ಕಸಿನಲ್ಲಿ ಪ್ರಾಣ ಕಳೆದುಕೊಳ್ಳೋ ಪ್ರಯತ್ನದಲ್ಲಿದ್ದ. ತನ್ನನ್ನು ವಾಪಸ್ ಎಳೆದೊಯ್ಯೋಕೆ ಪೊಲೀಸರು ಬಂದಿದ್ದಾರೆ ಅಂದುಕೊಂಡಿದ್ದ.

ಆಮೇಲೆ ಸಿಬ್ಬಂದಿ ಅವನಿಗೆ ಎಷ್ಟೋ ಹೊತ್ತು ಸಮಾಧಾನ ಹೇಳಿ ನಂಬಿಸಿದ್ದೇನು ಗೊತ್ತಾ? ಅದು ಬರೀ ಭ್ರಮೆ, ಆಸ್ಪತ್ರೆಯೊಳಗೆ ಪೊಲೀಸರು ಬರೋಕೆ ಸಾಧ್ಯವೇ ಇಲ್ಲ ಅಂತ. ಅಂದರೆ ಸರಿಯಾಗಿ ನೋಡಿದ ರೋಗಿಗೆ ನೀನು ನೋಡಿದ್ದು ಸುಳ್ಳು ಅಂತ ಹೇಳಿ ವಾಸಿ ಮಾಡಬೇಕಾಯಿತು. ಅಂಥ ಜಾಗದಲ್ಲಿ ಮನೋವೈದ್ಯನಾಗಿರೋದು ಹೇಗೆ? 1956ರ ಕೊನೆಗೆ ಫ್ಯಾನನ್ ಗವರ್ನರ್ ಸ್ಥಾನದಲ್ಲಿದ್ದ ಸಚಿವ ರಾಬರ್ಟ್ ಲಕೋಸ್ಟ್‌ಗೆ ರಾಜೀನಾಮೆ ಪತ್ರ ಬರೆದ. ಮನುಷ್ಯ ತನ್ನ ಸುತ್ತಲಿನ ಲೋಕಕ್ಕೆ ಪರಕೀಯನಾಗದಂತೆ ನೋಡಿಕೊಳ್ಳೋದು ಮನೋವೈದ್ಯಕೀಯದ ಕೆಲಸವಾದರೆ, ಅಲ್ಜೀರಿಯನ್ನನ್ನು ತನ್ನದೇ ನೆಲದಲ್ಲಿ ಪರಕೀಯನಾಗಿಸೋದೇ ಸರ್ಕಾರದ ವ್ಯವಸ್ಥೆ. ಎರಡೂ ಒಟ್ಟಿಗೆ ನಡೆಯಲ್ಲ ಅನ್ನೋದು ಪತ್ರದ ತಿರುಳು. 1957ರ ಜನವರಿಯಲ್ಲಿ ಗಡೀಪಾರು ಆದೇಶ ಬಂತು. ಹೆಂಡತಿ ಜೋಸಿ, ಪುಟ್ಟ ಮಗನೊಂದಿಗೆ ದೇಶ ಬಿಟ್ಟು, ಟ್ಯುನಿಸ್ ಸೇರಿದ. ಈಗ ಅವನೂ ನೆಲೆ ತಪ್ಪಿದವನೇ.

ಅದೇ ವರ್ಷ ಫ್ರೆಂಚರು ಅಲ್ಜೀರಿಯಾ-ಟ್ಯುನೀಷಿಯಾ ಗಡಿಯುದ್ದಕ್ಕೂ ಬೇಲಿ ಕಟ್ಟಿದರು. ಮೊರೀಸ್ ಲೈನ್ ಅಂತ ಅದರ ಹೆಸರು. ಅದರ ತಾಂತ್ರಿಕ ವಿವರ ಓದುವಾಗ ನನ್ನೊಳಗಿನ ಇಂಜಿನಿಯರ್‌ಗೆ ಮೈ ಜುಂ ಅಂದಿತ್ತು. 300 ಕಿಲೋಮೀಟರಿಗೂ ಹೆಚ್ಚು ಉದ್ದ, ತಂತಿಯಲ್ಲಿ 5,000 ವೋಲ್ಟ್, ಎರಡೂ ಬದಿಗೆ ನೆಲಬಾಂಬು, ತಂತಿ ಎಲ್ಲಿ ತುಂಡಾಯಿತು ಅಂತ ಕೂಡಲೇ ತಿಳಿಸೋ ವ್ಯವಸ್ಥೆ, ಕಾವಲಿಗೆ ಸಾವಿರಾರು ಸೈನಿಕರು. ಒಳ್ಳೆಯ ವಿನ್ಯಾಸ ಅಂದರೆ ಒಳ್ಳೆಯದನ್ನೇ ಮಾಡಬೇಕು ಅಂತೇನಿಲ್ಲವಲ್ಲ. ಬೇಲಿಯ ಆಸುಪಾಸಿನ ಹಳ್ಳಿಗಳನ್ನು ಖಾಲಿ ಮಾಡಿಸಲಾಯಿತು. ದೇಶದೊಳಗೆ 20 ಲಕ್ಷಕ್ಕೂ ಹೆಚ್ಚು ಜನರನ್ನು ಅವರ ಹಳ್ಳಿಗಳಿಂದ ಕಿತ್ತು ಸೇನಾ ಕಾವಲಿನ ಶಿಬಿರಗಳಿಗೆ ತುಂಬಿದರು. ಲಕ್ಷಾಂತರ ಮಂದಿ ಪೂರ್ವಕ್ಕೆ ಟ್ಯುನೀಷಿಯಾಗೆ, ಪಶ್ಚಿಮಕ್ಕೆ ಮೊರಾಕ್ಕೊಗೆ ಓಡಿದರು. ಓಡಿದ ಮೇಲೂ ಸುಖವಿರಲಿಲ್ಲ. 1958ರ ಫೆಬ್ರವರಿ 8, ಶನಿವಾರ, ಗಡಿಯಾಚೆ ಟ್ಯುನೀಷಿಯಾದ ನೆಲದಲ್ಲಿರೋ ಸಕಿಯೆತ್ ಸಿದಿ ಯೂಸೆಫ್ ಹಳ್ಳಿಯಲ್ಲಿ ಸಂತೆ. ನಿರಾಶ್ರಿತರಿಗೆ ರೆಡ್ ಕ್ರಾಸ್ ನೆರವು ಹಂಚೋ ದಿನವೂ ಹೌದು. ಫ್ರೆಂಚ್ ವಿಮಾನಗಳು ಬಾಂಬ್ ಸುರಿದವು. ಶಾಲೆಯ ಮೇಲೂ ಬಿತ್ತು. 70ಕ್ಕೂ ಹೆಚ್ಚು ಜನ ಸತ್ತರು.

ಈ ಗಡಿಯ ಬಿಡಾರಗಳಲ್ಲಿದ್ದ ಹೆಂಗಸರ ಬಗ್ಗೆಯೇ ಫ್ಯಾನನ್ ಬರೆದದ್ದು. ಅವನ ಲೆಕ್ಕದಲ್ಲಿ ಎರಡೂ ಗಡಿಗಳಲ್ಲಿ ಸೇರಿ 3 ಲಕ್ಷ ನಿರಾಶ್ರಿತರು. ಹೊಟ್ಟೆಗಿಲ್ಲ, ಗಂಡ ಸತ್ತಿದ್ದಾನೆ ಇಲ್ಲವೇ ಯುದ್ಧದಲ್ಲಿದ್ದಾನೆ, ಯಾವಾಗ ಬಾಂಬು ಬೀಳುತ್ತೋ ಗೊತ್ತಿಲ್ಲ. ಅಂಥಲ್ಲಿ ಹೆರಿಗೆ. ಹೆತ್ತ ಮೇಲೆ ಮನಸ್ಸು ಕೆಡದೆ ಉಳಿದ ನಿರಾಶ್ರಿತ ತಾಯಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಅಂತ ಅವನು ಹೇಳ್ತಾನೆ. ಕೆಲವರಲ್ಲಿ ರೋಷ, ಕೂಗಾಟ. ಕೆಲವರು ಕಲ್ಲಿನಂತೆ ಕೂತುಬಿಡ್ತಾರೆ, ಸಾಯೋಕೆ ನೋಡ್ತಾರೆ. ಕೆಲವರು ಅಳು ನಿಲ್ಲಿಸೋದೇ ಇಲ್ಲ. ಫ್ರೆಂಚರು ಬಂದು ಹಸುಗೂಸನ್ನು ಕೊಲ್ತಾರೆ ಅನ್ನೋ ಭಯ, ಅಥವಾ ಈಗಾಗಲೇ ಕೊಂದಿದ್ದಾರೆ ಅನ್ನೋ ನಂಬಿಕೆ.

ಸಾಮಾನ್ಯವಾಗಿ ಬಾಣಂತಿ ಸನ್ನಿ ಕಾಣಿಸೋದು ಸಾವಿರ ಹೆರಿಗೆಗೆ ಒಂದೋ ಎರಡೋ. ಅದಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ? ಫ್ಯಾನನ್ ಒಟ್ಟು ಎಷ್ಟು ಹೆರಿಗೆ, ಎಷ್ಟು ಕೇಸು ಅಂತ ಕೊಟ್ಟಿಲ್ಲ. ಪಕ್ಕಾ ಸನ್ನಿ, ಖಿನ್ನತೆ, ಹೆದರಿಕೆ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದ್ದಾನೆ. ಹೋಲಿಸಿ ನೋಡೋಕೆ ಇನ್ನೊಂದು ಗುಂಪಿಲ್ಲ. ಇವತ್ತಿನ ಜರ್ನಲ್ ಸಂಪಾದಕರು ಇದನ್ನು ವಾಪಸ್ ಕಳಿಸ್ತಾರೆ, ಕಳಿಸೋದೂ ಸರಿ. ಆದರೆ ಅವನು ಆ ಪುಟಗಳಲ್ಲಿ ಮುಂದೆ ಹೇಳೋ ಒಂದು ವಿಷಯಕ್ಕೆ ಸಂಖ್ಯೆ ಬೇಕಿಲ್ಲ. ಈ ಹೆಂಗಸರಿಗೆ ಚಿಕಿತ್ಸೆ ಕೊಡೋದು ಕಷ್ಟ, ಯಾಕೆಂದರೆ ವಾಸಿಯಾದವಳು ವಾಪಸ್ ಹೋಗೋದು ಅದೇ ಬಿಡಾರಕ್ಕೆ. ಕಾಯಿಲೆಗೆ ಮೇವು ಹಾಕುತ್ತಿರೋ ಪರಿಸ್ಥಿತಿ ಹಾಗೇ ಇದೆ.

ಆ ಕಾಲದ ವೈದ್ಯಶಾಸ್ತ್ರ ಇಂಥ ಕಾಯಿಲೆಗಳನ್ನು ಪ್ರತಿಕ್ರಿಯೆಯಿಂದ ಹುಟ್ಟಿದ್ದು ಅಂತ ವಿಂಗಡಿಸಿ, ಆಘಾತ ಕಳೆದ ಮೇಲೆ ತಾನಾಗೇ ಹೋಗುತ್ತೆ ಅಂತ ನಂಬಿತ್ತು. ಪಿಟಿಎಸ್‌ಡಿ ಅನ್ನೋ ಹೆಸರು ಅಮೆರಿಕದ ರೋಗಪಟ್ಟಿಗೆ ಸೇರಿದ್ದೇ 1980ರಲ್ಲಿ. ಫ್ಯಾನನ್ ಅದಕ್ಕೂ ಎರಡು ದಶಕ ಮುಂಚೆ ಇದು ಅಷ್ಟು ಸುಲಭಕ್ಕೆ ಹೋಗಲ್ಲ, ತಿಂಗಳುಗಟ್ಟಲೆ ಉಳಿದು ಒಳಗಿಂದ ತಿನ್ನುತ್ತೆ ಅಂತ ಬರೆದಿದ್ದ. ಅಷ್ಟೇ ಆಗಿದ್ದರೆ ಅವನನ್ನು ಪಿಟಿಎಸ್‌ಡಿಯ ಮುನ್ನೋಟಗಾರ ಅಂತ ಹೊಗಳಿ ಮುಗಿಸಬಹುದಿತ್ತು. ಅವನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದ. ಪಿಟಿಎಸ್‌ಡಿ ಅನ್ನೋ ಪದದಲ್ಲಿರೋ ಪಿ ಅಂದರೆ ಪೋಸ್ಟ್, ಅಂದರೆ ಆಘಾತ ಆದ ನಂತರದ್ದು. ಗಡಿಯ ಬಿಡಾರದಲ್ಲಿ ನಂತರ ಅನ್ನೋದು ಬಂದೇ ಇರಲಿಲ್ಲ.

ಸಂಶೋಧನೆ ಈ ಮಾತಿಗೆ ಬಂದು ಸೇರಲು ಬಹಳ ವರ್ಷ ಹಿಡಿಯಿತು. ಮ್ಯಾಥ್ಯೂ ಪೋರ್ಟರ್ ಮತ್ತು ನಿಕ್ ಹಸ್ಲಂ 2005ರಲ್ಲಿ ಜಾಮಾ ಪತ್ರಿಕೆಯಲ್ಲಿ 50ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಯುದ್ಧದಲ್ಲಿ ಕಂಡದ್ದಷ್ಟೇ ಅಲ್ಲ, ಬಂದ ಮೇಲೆ ಸಿಕ್ಕಿದ್ದೇನು ಅನ್ನೋದೂ ನಿರಾಶ್ರಿತರ ಮಾನಸಿಕ ಆರೋಗ್ಯವನ್ನು ನಿರ್ಧರಿಸುತ್ತೆ ಅನ್ನೋದು ಅಲ್ಲಿ ಹೊರಬಿತ್ತು. ಸ್ವಂತ ಮನೆಯಿಲ್ಲದೆ ಸಾಂಸ್ಥಿಕ ವಸತಿಯಲ್ಲಿ ಇದ್ದವರ, ದುಡಿಯೋ ಅವಕಾಶ ಇಲ್ಲದವರ, ಬಿಟ್ಟುಬಂದ ಜಗಳ ಇನ್ನೂ ಬಗೆಹರಿಯದವರ ಸ್ಥಿತಿ ಹೆಚ್ಚು ಕೆಟ್ಟದಾಗಿತ್ತು. ಅಂದರೆ ವೀಸಾ ಕಚೇರಿ, ಕೆಲಸದ ಪರವಾನಗಿ, ಬಾಡಿಗೆ ಮನೆ ಎಲ್ಲವೂ ಮನೋವೈದ್ಯಕೀಯದ ವಿಷಯಗಳೇ. ಇದನ್ನು ಹೇಳಿದರೆ ನೀವು ರಾಜಕೀಯ ಮಾತಾಡ್ತಿದ್ದೀರಿ ಅಂತಾರೆ. ಫ್ಯಾನನ್‌ಗೂ ಹಾಗೇ ಅಂದಿದ್ದರು.

ಟ್ಯುನಿಸ್‌ನಲ್ಲಿ ಅವನು ಬರೆಯೋದಕ್ಕಿಂತ ಹೆಚ್ಚು ಕೆಲಸ ಮಾಡಿದ. ಮೊದಲು ಮನೂಬಾ ಆಸ್ಪತ್ರೆ. ಅಲ್ಲಿ ನಿರ್ದೇಶಕರೊಂದಿಗೆ ಜಟಾಪಟಿಯಾಗಿ, ಶಾರ್ಲ್ ನಿಕೋಲ್ ಆಸ್ಪತ್ರೆಯಲ್ಲಿ 1958ರಲ್ಲಿ ಹಗಲು ಆಸ್ಪತ್ರೆ ಶುರು ಮಾಡಿದ.  ರೋಗಿ ಬೆಳಗ್ಗೆ ಬಂದು ಸಂಜೆ ಮನೆಗೆ ಹೋಗ್ತಾನೆ. ಬೀಗವಿಲ್ಲ, ಕಟ್ಟಿಹಾಕೋದಿಲ್ಲ. ಲೋಕದಿಂದ ದೂರ ಇಟ್ಟು ವಾಸಿ ಮಾಡಿದವನು ಲೋಕಕ್ಕೆ ಮರಳಿದ ದಿನವೇ ಮತ್ತೆ ಬೀಳ್ತಾನೆ, ಆದ್ದರಿಂದ ಅವನ ಮನೆ-ಬೀದಿ-ಜಗಳಗಳ ನಡುವೆಯೇ ಚಿಕಿತ್ಸೆ ನಡೀಬೇಕು ಅನ್ನೋದು ಲೆಕ್ಕ. ಜೆರೊನಿಮಿ ಜೊತೆ ಈ ಪ್ರಯೋಗದ ವರದಿಯನ್ನು 1959ರಲ್ಲಿ ಪ್ರಕಟಿಸಿದ. ನಿರಾಶ್ರಿತ ಮಕ್ಕಳಿಂದ ಚಿತ್ರ ಬರೆಸೋ ಕೆಲಸದಲ್ಲೂ ಇದ್ದ. ಮಾತಿಗೆ ಬಾರದ್ದನ್ನು ಮಕ್ಕಳು ಬಣ್ಣದಲ್ಲಿ ಹಾಕುತ್ತಿದ್ದರು: ವಿಮಾನ, ಸೈನಿಕ, ಉರಿಯೋ ಮನೆ. ಆ ಚಿತ್ರಗಳಿಂದ 1961ರಲ್ಲಿ ಐ ಆ್ಯಮ್ ಏಟ್ ಇಯರ್ಸ್ ಓಲ್ಡ್ ಅನ್ನೋ ಪುಟ್ಟ ಸಿನಿಮಾ ಆಯಿತು. ಫ್ರಾನ್ಸಿನಲ್ಲಿ ನಿಷೇಧವಾಯಿತು. ಎಂಟು ವರ್ಷದ ಮಕ್ಕಳ ಕ್ರೇಯಾನಿಗೆ ಹೆದರಿದ ಸರ್ಕಾರ!

ಇಷ್ಟು ಹೇಳಿ ಅವನನ್ನು ಸಂತನನ್ನಾಗಿ ಮಾಡೋಕೆ ನನಗೆ ಇಷ್ಟವಿಲ್ಲ. ಬ್ಲಿಡಾದಲ್ಲೂ ಟ್ಯುನಿಸ್‌ನಲ್ಲೂ ಅವನು ವಿದ್ಯುತ್ ಶಾಕ್ ಚಿಕಿತ್ಸೆ ಬಳಸುತ್ತಿದ್ದ. ಅದು ಆ ಕಾಲದ ರೂಢಿ ಅಂತ ಬಿಡೋಣ. ಅದಕ್ಕಿಂತ ಗಂಭೀರವಾದದ್ದು ಬೇರೆ ಇದೆ. 1957ರ ಡಿಸೆಂಬರಿನಲ್ಲಿ ಎಫ್ಎಲ್ಎನ್ ನಾಯಕ ಅಬಾನ್ ರಮ್ದಾನ್‌ನನ್ನು ಅವನ ಸಂಗಾತಿಗಳೇ ಮೊರಾಕ್ಕೊದಲ್ಲಿ ಕೊಂದರು. ಎಫ್ಎಲ್ಎನ್ ಪತ್ರಿಕೆ ಅವನು ಯುದ್ಧಭೂಮಿಯಲ್ಲಿ ಮಡಿದ ಅಂತ ಬರೆಯಿತು. ಫ್ಯಾನನ್ ಆ ಪತ್ರಿಕೆಯ ಬಳಗದಲ್ಲೇ ಇದ್ದವನು, ಅಬಾನ್‌ಗೆ ಹತ್ತಿರದವನು. ಬಹಿರಂಗವಾಗಿ ತುಟಿ ಬಿಚ್ಚಲಿಲ್ಲ. ಪೊಲೀಸರನ್ನು ನೋಡಿದ ರೋಗಿಗೆ ಅದು ಭ್ರಮೆ ಅಂತ ಹೇಳಬೇಕಾದ ಆಸ್ಪತ್ರೆಯನ್ನು ಬಿಟ್ಟು ಬಂದವನು ಸಂಘಟನೆಯೊಳಗೆ ಅಂಥದ್ದೇ ಒಂದು ಸುಳ್ಳಿನೊಂದಿಗೆ ಬಾಳಿದ. ಯುದ್ಧದ ನಡುವೆ ಇನ್ನೇನು ಮಾಡಬಹುದಿತ್ತು ಅಂತ ಕೇಳೋರಿದ್ದಾರೆ. ಆ ಪ್ರಶ್ನೆಗೆ ತೂಕ ಇದೆ, ಆದರೂ ಮೌನ ಮೌನವೇ.

ಹಾಗಂತ ಅವನು ತನ್ನ ಪಕ್ಷದವರ ಗಾಯವನ್ನು ಮುಚ್ಚಿಡಲಿಲ್ಲ. ಅದೇ ಐದನೇ ಅಧ್ಯಾಯದಲ್ಲಿ ಒಬ್ಬ ಮಾಜಿ ಹೋರಾಟಗಾರ ಬರ್ತಾನೆ. ಹಿಂದೆ ಅವನಿಟ್ಟ ಬಾಂಬಿಗೆ ಜನ ಸತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಹಳೆಯ ಆಳುವ ದೇಶದವರ ಜೊತೆಗೇ ಸ್ನೇಹವಾಗಿ, ಅವರು ಒಳ್ಳೆಯವರು ಅನಿಸಿದಾಗ, ಅವತ್ತು ಸತ್ತವರಲ್ಲೂ ಇಂಥವರಿದ್ದರಾ ಅನ್ನೋ ಪ್ರಶ್ನೆ ಹತ್ತಿತು. ಪ್ರತಿ ವರ್ಷ ಆ ದಿನದ ಆಸುಪಾಸು ನಿದ್ದೆ ಹೋಗುತ್ತೆ, ಸಾಯೋ ಯೋಚನೆ ಬರುತ್ತೆ. ಮೊದಲ ಅಧ್ಯಾಯವನ್ನು ಮಾತ್ರ ಓದಿ ರೋಮಾಂಚನಗೊಳ್ಳೋರು ಇವನನ್ನು ಭೇಟಿಯಾಗೋದೇ ಇಲ್ಲ. ಹಿಂಸೆಯನ್ನು ಸಮರ್ಥಿಸಿದ ಲೇಖಕನೇ ಅದರ ಬಿಲ್ಲನ್ನೂ ಅದೇ ಪುಸ್ತಕದಲ್ಲಿ ಅಂಟಿಸಿದ್ದಾನೆ. ಎರಡನ್ನೂ ಒಟ್ಟಿಗೆ ಓದಿದಾಗ ಫ್ಯಾನನ್ ಅಷ್ಟು ಸಲೀಸಾಗಿ ಪೋಸ್ಟರ್ ಆಗೋದಿಲ್ಲ.

1960ರಲ್ಲಿ ಅಲ್ಜೀರಿಯಾದ ತಾತ್ಕಾಲಿಕ ಸರ್ಕಾರ ಅವನನ್ನು ಘಾನಾಕ್ಕೆ ರಾಯಭಾರಿಯಾಗಿ ಕಳಿಸಿತು. ಆ ವರ್ಷದ ಕೊನೆಗೆ ರಕ್ತದ ಕ್ಯಾನ್ಸರ್ ಪತ್ತೆಯಾಯಿತು. ಮಾಸ್ಕೋದಲ್ಲಿ ಚಿಕಿತ್ಸೆಯಾಯಿತು. ಕೈಲಿರೋದು ತಿಂಗಳುಗಳಷ್ಟೇ ಅಂತ ಗೊತ್ತಾದ ಮೇಲೆ 1961ರಲ್ಲಿ ಆ ಕೊನೆಯ ಪುಸ್ತಕವನ್ನು ಒಂದೇ ಉಸಿರಿಗೆ ಅನ್ನುವಂತೆ ಮುಗಿಸಿದ. ಅಂಥ ಅವಸರದಲ್ಲೂ ಕೇಸ್ ಶೀಟುಗಳನ್ನು ಬಿಡಲಿಲ್ಲ ಅನ್ನೋದನ್ನು ಗಮನಿಸಿ. ಪುಸ್ತಕ ಪ್ಯಾರಿಸಿನಲ್ಲಿ ಹೊರಬಂದ ಕೂಡಲೇ ಪೊಲೀಸರು ಪ್ರತಿಗಳನ್ನು ವಶಪಡಿಸಿಕೊಂಡರು. 1961ರ ಡಿಸೆಂಬರ್ 6ರಂದು, ಅಮೆರಿಕದ ಮೇರಿಲ್ಯಾಂಡಿನ ಬೆಥೆಸ್ಡಾ ಆಸ್ಪತ್ರೆಯಲ್ಲಿ, ಇಬ್ರಾಹಿಂ ಫ್ಯಾನನ್ ಅನ್ನೋ ಹೆಸರಿನಲ್ಲಿ ಸತ್ತ. 36 ವರ್ಷ. ಕೋರಿಕೆಯಂತೆ ಶವವನ್ನು ಟ್ಯುನಿಸ್‌ಗೆ ತಂದು, ಹೋರಾಟಗಾರರು ಹೆಗಲ ಮೇಲೆ ಹೊತ್ತು ಗಡಿ ದಾಟಿಸಿ, ಅಲ್ಜೀರಿಯಾದ ನೆಲದಲ್ಲಿ ಮಣ್ಣು ಮಾಡಿದರು.

ಮರುವರ್ಷ, ಜುಲೈ 5ರ ಸ್ವಾತಂತ್ರ್ಯದ ಆಸುಪಾಸಿನಲ್ಲಿ, ಟ್ಯುನೀಷಿಯಾ ಮತ್ತು ಮೊರಾಕ್ಕೊದಿಂದ ಸುಮಾರು 1 ಲಕ್ಷ 80 ಸಾವಿರ ನಿರಾಶ್ರಿತರು ವಿಶ್ವಸಂಸ್ಥೆಯ ನೆರವಿನಿಂದ ಮನೆಗೆ ಮರಳಿದರು. ಎಷ್ಟೋ ಕಡೆ ಮನೆಗಳೇ ಉಳಿದಿರಲಿಲ್ಲ. ಬೇಲಿಯ ಕರೆಂಟು ನಿಂತಿತ್ತು, ನೆಲಬಾಂಬುಗಳು ಹಾಗೇ ಇದ್ದವು. ಕುರಿ ಕಾಯೋ ಮಕ್ಕಳ ಕಾಲಿಗೆ ಅವು ದಶಕಗಟ್ಟಲೆ ಸಿಗುತ್ತಲೇ ಹೋದವು. ಆ ಬಾಂಬುಗಳನ್ನು ತೆಗೆದು ಮುಗಿಸಿದ್ದೇವೆ ಅಂತ ಅಲ್ಜೀರಿಯಾ ಘೋಷಿಸಿದ್ದು 2017ರಲ್ಲಿ.